ಏಳನೇ ಕಾಲಂ

ಅರ್ಜಿಯಲ್ಲಿ ಚೋಂದವ್ವ ಬರೆಸಿದ್ದು ಒಂದೇ ಸಾಲು:
ಸೋಮವಾರ ರಾತ್ರಿ ನರಿ ಬಂದು ಕಡಸನ್ನು ಹಿಡಿಯಿತು.
ನಾನು ಚಳ್ಳಕೆರೆಯವಳು. ನಮ್ಮಲ್ಲಿ ನರಿಯೆಂದರೆ
ಕಡಲೆಹೊಲದ ಬದುವಿನಲ್ಲಿ ಬಾಲ ಮಡಚಿ ಓಡುವುದು,
ಕುರಿಹಟ್ಟಿಯ ಕುನ್ನಿಗೂ ಹೆದರುವುದು,
ಬೆಳಗೆದ್ದು ಮುಖ ಕಂಡರೆ ಆ ದಿನ ಲಾಭ.
ಅದು ಕಡಸನ್ನು ಹಿಡಿಯುವುದೇ?
ನಕ್ಕೆ. ಏಳನೇ ಕಾಲಂ, ಕೊಂದ ಪ್ರಾಣಿ:
ನರಿ ಎಂದೇ ಟೈಪಿಸಿ ವಿರಾಜಪೇಟೆಗೆ ಕಳಿಸಿದೆ.
ಹದಿನೈದು ದಿನಕ್ಕೆ ವಾಪಸು ಬಂತು. ಕೆಂಪು ಶಾಯಿಯಲ್ಲಿ
'ನರಿಗೆ ಪರಿಹಾರವಿಲ್ಲ.'

ವಾಚರ್ ಬೊಮ್ಮ ಕಾಗದ ಓದಿಸಿಕೊಂಡ.
ಹೊರಗೆ ಹೋಗಿ ಎಲೆಅಡಿಕೆ ಉಗಿದು ಬಂದ.
ಮೇಡಂ, ಕೊಡವರ ಮಾತಲ್ಲಿ ನರಿ ಅಂದ್ರೆ ಹುಲಿ.
ಹಿಂದೆ ಅದನ್ನ ಹೊಡೆದವನಿಗೆ
ಅದರ ಜೊತೇಲೇ ಮದುವೆ ಮಾಡ್ತಿದ್ದರಂತೆ,
ಹೆಣದ ಪಕ್ಕ ಕೂರಿಸಿ, ಊರೆಲ್ಲ ಅಕ್ಕಿ ಹಾಕಿ.
ನಿಮ್ಮ ನರೀನ ಯಾರು ಮದುವೆ ಆಗ್ತಾರೆ?

ಆವತ್ತು ತಿತಿಮತಿಯಲ್ಲಿ ಕರೆಂಟಿರಲಿಲ್ಲ.
ಲ್ಯಾಪ್‌ಟಾಪಿಗೆ ಇನ್ನು ನಲವತ್ತು ನಿಮಿಷದ ಜೀವ.
ತೋಟದಂಚಿನ ಕ್ಯಾಮೆರಾದ ಕಾರ್ಡು ತೂರಿಸಿದೆವು.
ಅಲ್ಲಾಡಿದ ಎಲೆ. ಮತ್ತೆ ಎಲೆ. ಹಂದಿಯ ಹಿಂಭಾಗ.
ಕಾಟಿಯ ಒಂದು ಮೊಣಕಾಲು.
ಯಾರೋ ಸೌದೆ ಹೊತ್ತವರು, ಮುಖ ತಿರುಗಿಸಿ.
ಇನ್ನೂರ ಹನ್ನೆರಡನೇ ಚಿತ್ರ, ರಾತ್ರಿ ಎರಡೂ ಹದಿನೇಳು:
ಬೂದಿಯಲ್ಲಿ ಕಲಸಿದಂತೆ ಎರಡು ಮೈ,
ಒಂದು ಎದ್ದು ನಿಂತಿದೆ, ಒಂದು ನೆಲಕ್ಕಂಟಿದೆ.
ಸೀಳುನಾಯಿಗಳಾ, ಅಂದೆ.
ಅವಕ್ಕೆ ರಾತ್ರಿ ಕೆಲಸ ಇಲ್ಲ, ಅಂದ.

ಬೆರಳು ಮುಟ್ಟಿಸದೆ, ಕಡ್ಡಿಯ ತುದಿಯಿಂದ ತೋರಿಸಿದ:
ಎದ್ದಿರೋನ ಬೆನ್ನು ನಮ್ಮ ಕಡೆ. ಕಿವಿ ಹಿಂದೆ
ಬಿಳಿ ಬೊಟ್ಟು ಎದ್ದು ಕಾಣ್ತದಲ್ಲ, ಹುಲಿ ಅದು,
ಬೆನ್ನ ಹಿಂದೂ ಕಣ್ಣಿಟ್ಟುಕೊಂಡೇ ಬಾಳೋ ಜಾತಿ.
ಕೆಳಗಿರೋನ ಬಾಲ ನೋಡಿ, ತುದಿ ಮೇಲಕ್ಕೆ ಸುತ್ತಿದೆ. ಚಿರತೆ.
ಎಷ್ಟು ಹಲ್ಲು ಬಿಟ್ಟಿದ್ದಾನೆ! ಹೆದರಿದೋನೇ
ಹಲ್ಲು ಜಾಸ್ತಿ ತೋರ್ಸೋದು.
ಕೊಂದಿದ್ದು ಅವನೇ ಮೇಡಂ, ಹೊಟ್ಟೆಯಿಂದ ಶುರು ಮಾಡಿದ್ದಾನೆ.
ಹುಲಿಯಾದ್ರೆ ಹಿಂದೊಡೆಗೆ ಬಾಯಿ ಹಾಕ್ತಿತ್ತು.
ಇದು ಆಮೇಲೆ ಬಂದ ಯಜಮಾನ.

ಏಳನೇ ಕಾಲಂನಲ್ಲಿ ಒಂದೇ ಹೆಸರಿಗೆ ಜಾಗ.
ಚಿರತೆ ಎಂದು ಚಿ ಒತ್ತಿದ್ದೆ, ಬೊಮ್ಮ ತಡೆದ.
ಹುಲಿ ಅಂತಲೇ ಹಾಕಿ.
ಆಯಮ್ಮ ನರಿ ಅಂದಾಗಿದೆ. ಒಂದ್ಸಲ ನಕ್ಕಾಯ್ತು,
ಇನ್ನು ಸುಳ್ಳಿಯನ್ನೂ ಮಾಡೋದು ಬೇಡ.

ಬಾಳೆಲೆ ಬಸ್ಸಿಳಿದು ಬಂದಳು ಚೋಂದವ್ವ,
ಕಾಫಿತೋಟದ ಕೆಸರಿನ ಗಮ್‌ಬೂಟಿನಲ್ಲೇ,
ಸಹಿ ಹಾಕಲು. ಚಿತ್ರ ತೋರಿಸಿದೆ,
ನನ್ನ ತಪ್ಪಿಗೆ ಪರಿಹಾರವೆಂಬಂತೆ.
ಅವಳು ಆ ಇಬ್ಬರ ಜಗಳ ನೋಡಲೇ ಇಲ್ಲ.
ಕೆಳಮೂಲೆಗೆ ಬೆರಳಿಟ್ಟಳು,
ನಾನು ಮುತ್ತುಗದೆಲೆ ಎಂದುಕೊಂಡಿದ್ದರ ಮೇಲೆ.
ಇದು ನಮ್ಮ ಬೊಳ್ಳಿಯ ಕಿವಿ.
ಬೇಲಿತಂತಿಗೆ ಸೀಳಿತ್ತು. ಅರಿಶಿನ ನಾನೇ ಹಚ್ಚಿದ್ದೆ.

ಬೆರಳು ತೆಗೆಯುವ ತನಕ
ಪರದೆಯ ಮೇಲೆ ಬಾಣದ ಗುರುತು ಸುಮ್ಮನೆ ನಿಂತಿತ್ತು.
ಆಮೇಲೆ ಕೇಳಿದಳು: ಒಂದು ಪ್ರಿಂಟು ಕೊಡ್ತೀಯಾ ಮಗಳೇ,
ಆ ಇಬ್ಬರನ್ನೂ ಕತ್ತರಿಸಿ ತೆಗೆದು?

ತೆಗೆದೆ. ಎಡಗಡೆಯಿಂದ ಚಿರತೆ ಹೋಯಿತು, ಬಾಲ ಸಮೇತ.
ಮೇಲಿಂದ ಹೆಗಲು, ಬೆನ್ನು, ಆ ಎರಡು ಬಿಳಿ ಬೊಟ್ಟು.
ಉಳಿದದ್ದು ಅಂಗೈಯಗಲ:
ಸೀಳುಕಿವಿ, ಒಂದಿಷ್ಟು ಹುಲ್ಲು,
ಕುತ್ತಿಗೆಯ ಹತ್ತಿರ, ಎಷ್ಟು ಒಳಕ್ಕೆ ಕತ್ತರಿಸಿದರೂ
ಬಿಡಿಸಲಾಗದ ಒಂದು ಪಂಜ.

ಚೋಂದವ್ವ ಕನ್ನಡಕ ಒರೆಸಿಕೊಂಡಳು.
ಇದು ಯಾರದು?

ಬೊಮ್ಮ ಬಗ್ಗಿ ನೋಡಿದ.
ಉಗಿಯಲೆಂದು ಬಾಗಿಲಾಚೆ ಹೋದವನು
ಬ್ಯಾಟರಿ ಮುಗಿದರೂ ಒಳಗೆ ಬರಲಿಲ್ಲ.