ಕೆಮ್ಮು ಇರೋ ಹಾಡು

ಸಿಂಗಲ್ ಬಿಡೂಣು ಬೇ ಅಂದ್ರ
ಫಕ್ಕೀರವ್ವ ಕಪ್ಪು ಕೆಳಗಿಟ್ಟು
‘ಒಂದ ಸಿಂಗಲ್ ಮೂರು ಮಂದಿಗೆ ಹೆಂಗ ಸಾಲತೈತಿ?’ ಅಂದ್ಲು.
ಚಾ ಅಲ್ಲ, ಹಾಡು. ಒಂದ ಹಾಡು.
‘ಒಂದ ಯಾಕ? ನನ್ನ ಹತ್ರ ಸಂಜೀತನಾ ಅದಾವು.’

ಬ್ಯಾಡಗಿ ಸ್ಟೇಷನ್ ರೋಡು, ನನ್ನ ಮೊಬೈಲ್ ಅಂಗಡಿ,
ಅದರ ಹಿಂದಿನ ಖೋಲಿ, ಗೋಡಿ ತುಂಬ ತತ್ತಿ ಟ್ರೇ.
ಸಪ್ಪಳ ಆಗತೈತಂತ ಫ್ಯಾನ್ ಬಂದ್.
ದಾವಲಸಾಬ ಕೀಬೋರ್ಡಿನ ಮ್ಯಾಲೆ ಬೆವರು ಸುರಿಸಿದ.
ಹಗಲೆಲ್ಲಾ ಮೆಣಸಿನಕಾಯಿ ತೊಟ್ಟು ಮುರದ ಘಾಟು
ಸೆರಗಿನಾಗ ಹೊತಗೊಂಡ ಬಂದಾಕಿ
ಎರಡನೇ ನುಡಿಯಾಗ
‘ಕೆಂಪ ಕಣದಾಗ ಕುಂತೀನಿ’ ಅನ್ನೂ ಹೊತ್ತಿಗೆ
ಕೆಮ್ಮಿದ್ಲು.
ಸಣ್ಣ ಕೆಮ್ಮು. ತಾಳ ತಪ್ಪಲಿಲ್ಲ.

ಕತ್ತರಿಸಿದೆ.
ಕತ್ತರಿಸಿದ ಜಾಗಾ ಹಲ್ಲು ಬಿದ್ದ ಬಾಯಿ ಹಂಗ ಕಾಣ್ತು.
ಇನ್ನೊಮ್ಮೆ ಹಾಡ ಬೇ ಅಂದ್ರ
‘ಹೊತ್ತಾತು, ರೊಟ್ಟಿ ಬಡೀಬೇಕು’ ಅಂತ ಚಪ್ಪಲಿ ಮೆಟ್ಟಿದ್ಲು.
ಕೆಮ್ಮು ತಿರುಗಿ ತಂದು ಅಲ್ಲೇ ಕೂಡ್ರಿಸಿದೆ.

ಸೋಮವಾರ, ಮಾರ್ಕೆಟ್ ದಿನ ನೋಡಿ ಬಿಟ್ವಿ.
ಮೂರು ದಿನದಾಗ ಕೇಳಿದವರು ಹನ್ನೊಂದು,
ಅದರಾಗ ನಾಕು ಸಲ ನಾನ.
ಹಾವೇರಿ ಆರ್ಕೆಸ್ಟ್ರಾದವರು ಬೀಟ್ ಇಲ್ಲ ಅಂದ್ರು.
ಒಬ್ಬ ಮಾಸ್ತರ, ಕೀಬೋರ್ಡ್ ಐತಿ, ಇದು ಜಾನಪದ ಅಲ್ಲ ಅಂದ.
ಆಕಿ ಅಳಿಯ ಮೋರಿ ಗಂಟ ಹಾಕಿ ಬಂದ:
‘ಕೂಲಿ ಮಾತು ಊರಿಗೆಲ್ಲಾ ಸಾರಬೇಕಿತ್ತೇನು?’

ಆಮ್ಯಾಲೆ ಟ್ರ್ಯಾಕ್ಟರಿನ ಪರಸ್ಯಾ ತನ್ನ ಡೆಕ್ಕಿಗೆ ಹಾಕ್ಕೊಂಡ.
ಮೋಟೆಬೆನ್ನೂರು ದಾಟೂದ್ರಾಗ
ಹಾಡು ಮುಂದ, ಚೀಲದ ಘಾಟು ಹಿಂದ.
ಅಲ್ಲಿಂದ ಆಟೋ, ಆಟೋದಿಂದ ಲಗ್ನದ ಮೆರವಣಿಗಿ.
ಹುಡುಗರು ಕುಣೀತಾರ, ಕೆಮ್ಮು ಬಂದಲ್ಲಿ ಗಕ್ಕನ ನಿಲ್ತಾರ,
ಎಲ್ಲಾರೂ ಕೂಡಿ ಕೆಮ್ತಾರ,
ಮತ್ತ ಕುಣೀತಾರ.
ಬ್ಯಾರೆ ಊರಿನವರು ಫೋನ್ ಹಚ್ಚಿ ಕೇಳ್ತಾರ,
ಆ ಕೆಮ್ಮಿಂದೊಂದ ರಿಂಗ್‌ಟೋನ್ ಸಿಗತೈತೇನಣ್ಣ?
ಮೊದಲ ನಗು ಬಂತು ನನಗ.
ಆಮ್ಯಾಲೆ ಬರಲಿಲ್ಲ.

ಮೊನ್ನೆ ದಲಾಲಿ ಅಂಗಡಿ ಮುಂದ
ಸಾಲು ಹಿಡದು ಕುಂತ ಹೆಣ್ಣಾಳು,
ನಡುವ ಯಾರದೋ ಮಡ್ಲಾಗಿನ ಮೊಬೈಲು, ಅದ ಹಾಡು.
ಎರಡನೇ ನುಡಿ ಬಂತು. ನಾ ಉಸಿರು ಹಿಡದೆ.
ಕೆಮ್ಮು ಬಂತು.
ಒಬ್ಬಾಕಿನೂ ತಲಿ ಎತ್ತಲಿಲ್ಲ,
ಕೈ ನಿಲ್ಲಿಸಲಿಲ್ಲ.
ಫಕ್ಕೀರವ್ವ ಒಬ್ಬಾಕಿ
ಕಾಯಿ ಮ್ಯಾಲಿನ ಕಣ್ಣು ತಗೀದ
ಪಕ್ಕದಾಕಿ ಕಡೆ
ನೀರಿನ ತಂಬಿಗಿ ಸರಿಸಿದ್ಲು.