ಹೊಟ್ಟೆ ಸೀಳಿದ ಧ

ಪರೀಕ್ಷೆ ಮಾಡುವವರು ಬಂದ ದಿನ
ಶಾಲೆಯ ಅಂಗಳ ನಮ್ಮದಾಗಿರಲಿಲ್ಲ.
ಅಮರಣ್ಣನ ಒಂಬತ್ತು ಕ್ವಿಂಟಲ್ ಮೆಣಸಿನಕಾಯಿ
ಧ್ವಜಕಟ್ಟೆಯವರೆಗೂ ಕೆಂಪಗೆ ಮಲಗಿತ್ತು.
'ಬ್ಯಾರೆ ಎಲ್ಲಿ ಒಣಗಿಸ್ಲಿ ಟೀಚರ್ರ,
ಇಡೀ ದೊಡ್ಡಿಗೆ ಸಿಮೆಂಟ್ ನೆಲ ಇದೊಂದಾ ಐತಿ.'
ಹೌದು, ಇದೊಂದೇ.

ದೇವದುರ್ಗದ ಕಡೆಯಿಂದ ಜೀಪು. ಇಳಿದವರು ಮೂವರು.
ಒಬ್ಬರ ಕೈಲಿ ಟ್ಯಾಬು, ಒಬ್ಬರ ಕೈಲಿ ಸ್ಟಾಪ್‌ವಾಚು,
ಮೂರನೆಯವರಿಗೆ ಕರವಸ್ತ್ರ ಹಿಡಿಯುವುದೇ ಕೆಲಸವಾಯಿತು.
ಖಾಯಂ ಮೇಷ್ಟ್ರು ಮತದಾರರ ಪಟ್ಟಿ ತಿದ್ದಲು ಹೋಗಿದ್ದರು.
ಉಳಿದವಳು ನಾನು, ಅತಿಥಿ ಶಿಕ್ಷಕಿ,
ಐದು ತರಗತಿ, ಒಂದು ಚಾಕ್‌ಪೀಸಿನ ಡಬ್ಬಿ.
ಪಟ್ಟಿಯಲ್ಲಿ ನಮ್ಮ ಶಾಲೆ ಎಲ್ಲಿದೆ ಎಂದು ಹುಡುಕುವುದಾದರೆ
ಕೆಳಗಿನಿಂದ ಎಣಿಸಿ, ಬೇಗ ಸಿಗುತ್ತೇವೆ.

ಓದಬೇಕಾದದ್ದು ಹಿಮಕರಡಿಯ ಪಾಠ.
ನಿಮಿಷಕ್ಕೆ ಎಷ್ಟು ಪದವೋ ಅಷ್ಟು ಅಂಕ.
ದ್ಯಾವಮ್ಮ: ಇಪ್ಪತ್ತಾರು ಪದ, ನಾಲ್ಕು ಸೀನು.
ಸೀನಿದ ಹೊತ್ತು ಕಳೆದುಕೊಳ್ಳುತ್ತೀರಾ ಸರ್ ಎಂದೆ.
ಅದಕ್ಕೆ ಕಾಲಂ ಇಲ್ಲವಂತೆ.
ರಫಿಯಾ ಎರಡನೇ ಸಾಲಿನಲ್ಲೇ ನಿಂತಳು:
'ಹಿಮ ಅಂದ್ರ ಐಸ್‌ಕ್ಯಾಂಡಿ ಇದ್ದಂಗೇನ್ರಿ?'
ಕೇಳಿದ್ದು ಒಳ್ಳೆಯ ಪ್ರಶ್ನೆ.
ಗಡಿಯಾರ ಓಡುತ್ತಲೇ ಇತ್ತು.

ಆಮೇಲೆ ಮೌನೇಶ.
ತಿಂಥಣಿಯ ಹರಕೆಗೆ ಹುಟ್ಟಿದವನು,
ಹೆಸರಿನ ಸಾಲವನ್ನು ದಿನಾ ತೀರಿಸುತ್ತಾನೆ.
ಹಾಜರಿಗೆ ಕೈ ಎತ್ತುತ್ತಾನೆ, 'ಎಸ್ ಟೀಚರ್' ಎಂದದ್ದಿಲ್ಲ.
ಹಾಳೆ ಹಿಡಿದ.
ಅವನ ಕಣ್ಣು ಎಡದಿಂದ ಬಲಕ್ಕೆ ಹೋಯಿತು,
ಒಂದು ಸಾಲು ಇಳಿಯಿತು, ಮತ್ತೆ ಎಡದಿಂದ...
ನಾನು ಕಂಡೆ.
ಕಂಡೆ ಅಂದುಕೊಂಡೆ.
ಬಾಯಿ ಮಾತ್ರ ಅಗಳಿ ಹಾಕಿದ ಕದ.
ನಿಮಿಷ ಮುಗಿಯಿತು. ಸೊನ್ನೆ.
ನೆಟ್‌ವರ್ಕ್ ಇಲ್ಲದೆ ಆ ಸೊನ್ನೆಯನ್ನು ಮೂರು ಸಲ ಒತ್ತಿದರು.

ಹೋಗುವ ಮುನ್ನ ಎಲ್ಲರನ್ನೂ ಗೋಡೆಗೆ ನಿಲ್ಲಿಸಿ ಫೋಟೊ.
ಹಳದಿ ಸುಣ್ಣದ ಮೇಲೆ ನೀಲಿ ಅಕ್ಷರ:
'ವಿಧ್ಯೆ ಇಲ್ಲದ ಮನೆ ದೀಪ ಇಲ್ಲದ ಗುಡಿ.'
ಎಲ್ಲರೂ ನಕ್ಕರು. ಕೆಲವರು ಸೀನಿದರು.

ರಾತ್ರಿಯೇ ಫೋನಿಗೆ ಬಂತು: ಕಾರಣ ಕೇಳಿ ನೋಟಿಸು.
ನಾಲ್ಕು ತಿಂಗಳಿಂದ ಸಂಬಳ ಕಾಣದ ಅತಿಥಿಯನ್ನು
ಇಷ್ಟು ಚಂದ ಉಪಚರಿಸುವ ಮನೆ
ಬೇರೆಲ್ಲೂ ಇರಲಿಕ್ಕಿಲ್ಲ.

ಸೋಮವಾರ ಬೀಗ ತೆಗೆಯಲು ಹೋದರೆ
ಯಾರೋ ಗೋಡೆ ಕೆರೆದಿದ್ದಾರೆ, ಕಲ್ಲಿನ ಚೂಪಿನಿಂದ.
ಬೈಯಲು ಬಾಯಿ ತೆರೆದೆ.
ಕೆರೆದದ್ದು ಒಂದೇ ಕಡೆ, ಕಿರುಬೆರಳ ಉಗುರಿನಷ್ಟು.
ವಿಧ್ಯೆಯ ಧ, ಅದರ ಹೊಟ್ಟೆಯ ಸೀಳು.
ಅಷ್ಟೇ ಹೋಗಿದೆ.

ಪೇಂಟರ್ ತಪ್ಪಿದ್ದ, ಪಂಚಾಯ್ತಿ ಬಿಲ್ಲು ಪಾಸು ಮಾಡಿತ್ತು,
ಜೀಪಿನವರು ಫೋಟೊ ಹಿಡಿದಿದ್ದರು.
ಮೂರು ವರ್ಷ ಅದರ ಕೆಳಗೆ ನಿಂತು
ಉಕ್ತಲೇಖನ ಹೇಳಿದವಳು ನಾನು.

ಎತ್ತರ ಅಳೆದೆ. ನನ್ನ ಹಣೆಮಟ್ಟ.
ಮೂರನೇ ತರಗತಿಯ ಕೈಗೆ ಎಟುಕದು,
ಬಕೆಟ್ ಬೋರಲು ಹಾಕಿದರೆ ಎಟುಕಬಹುದು.
ದ್ಯಾವಮ್ಮ ತುದಿಗಾಲಲ್ಲಿ ನಿಂತರೆ ಸಾಕು.
ಅಡುಗೆಯ ಖಾಸಿಂಬಿಗೆ ಅದೂ ಬೇಡ,
ಒಲೆ ಆರಿದ ಮೇಲೆ ಮೊಮ್ಮಗಳ ಪುಸ್ತಕ ಹಿಡಿದು
ಗೋಡೆಗೊರಗಿ ಕೂರುತ್ತಾಳೆ, ಚಿತ್ರ ನೋಡ್ತೀನಿ ಅನ್ನುತ್ತಾಳೆ.

ಯಾರು ಎಂದು ಕೇಳಲಿಲ್ಲ.
ಇಲ್ಲಿ 'ಯಾರು' ಅಂದರೆ ಏಟು ಎಂದೇ ಅರ್ಥ.
ಹಾಜರಿ ಕರೆದೆ. ಮೌನೇಶ ಕೈ ಎತ್ತಿದ.
ಉಗುರಿನಲ್ಲಿ ನೀಲಿ ಇದೆಯೋ ನೋಡಬಹುದಿತ್ತು.
ರಿಜಿಸ್ಟರಿನತ್ತ ಬಗ್ಗಿದೆ.

ಹೊರಗೆ ಅಮರಣ್ಣ ಮೆಣಸಿನಕಾಯಿ ಮಗುಚತೊಡಗಿದ.
ಘಾಟು ಕಿಟಕಿಯಿಂದ ಬಂತು, ಬೆಂಚು ಬೆಂಚಿಗೂ ಹಬ್ಬಿತು.
ರಫಿಯಾ ಸೀನಿದಳು, ದ್ಯಾವಮ್ಮ ಸೀನಿದಳು,
ಮೌನೇಶನೂ,
ಇಡೀ ಕೋಣೆ ತಿರುಗಿ ನೋಡುವಷ್ಟು ಜೋರಾಗಿ.