ಕರ್ಮಪದ

ಪೌಡಿಯ ದಾರಿಯ ಚಹಾದಂಗಡಿಯಲ್ಲಿ
ಬಚನ್ ಬುಡಾಕೋಟಿ ತನ್ನ ಗಢವಾಲಿ ಕತೆ ಓದುತ್ತಿದ್ದ.
ಕತೆಯಲ್ಲಿ ಚಿರತೆಯೇ ಮಾತಾಡುತ್ತದೆ:
ಅಂಗಾಲಲ್ಲಿ ಮುರಿದುಳಿದ ಮುಳ್ಳುಹಂದಿಯ ಮುಳ್ಳು,
ಸವೆದ ಕೋರೆ, ಹೊತ್ತಿ ಉರಿದ ಚೀಡ್ ಕಾಡು,
ಹಸಿವು.
ಕೇಳಿದವರೆಲ್ಲ ಮರುಗಿದರು.
ಹೇಸರಗತ್ತೆಯವನ ಬೀಡಿ ಬೆರಳಲ್ಲೇ ಆರಿತು.

ಹುಲ್ಲುಹೊರೆ ಇಳಿಸದೆ ನಿಂತಿದ್ದ ಸೌಣಿ ಕೇಳಿದಳು:
‘ಅದು ತಿಂದ ಆಡಿನ ಹೆಸರೇನು, ಮಾಸ್ತರೇ?’

ಬರೆದಿರಲಿಲ್ಲ.
‘ಒಂದು ಆಡನ್ನು’ ಅಂತಿತ್ತು, ಅಷ್ಟೆ;
ಚಿರತೆಯ ವಾಕ್ಯದೊಳಗೊಂದು ಕರ್ಮಪದ.

‘ಭುಲ್ಲಿ. ತಂಗಿಯಿಲ್ಲದವಳು ನಾನು, ಹಾಗೇ ಕರೆಯುತ್ತಿದ್ದೆ.
ಎಡಗಿವಿ ಸೀಳಿತ್ತು.
ಉಪ್ಪು ಕೊಟ್ಟರೆ ಅಂಗೈ ಮುಗಿಸಿ ಬಳೆಯನ್ನೂ ನೆಕ್ಕುತ್ತಿತ್ತು.
ಆ ಸಂಜೆ ಕೊಟ್ಟಿಗೆಯ ಅಗುಳಿ
ಹಾಕದೆ ಮರೆತದ್ದು ನಾನು.
ಅದನ್ನೂ ಬರೆಯಿರಿ.’

ಹೊರೆ ಏರುದಾರಿ ಹಿಡಿಯಿತು,
ಕೆಳಗೆ ಎರಡು ಹಿಮ್ಮಡಿ ಮಾತ್ರ ಕಾಣುವಂತೆ.

ರಾತ್ರಿ ಬಚನ್ ಹಳೆಯ ಸಾಲು ಹೊಡೆದುಹಾಕಿ
ಹೆಸರು ಬರೆದ, ಸೀಳುಗಿವಿ ಬರೆದ, ಬಳೆ ಬರೆದ.
ಅಗುಳಿಯ ಹತ್ತಿರ ಪೆನ್ನು ನಿಂತಿತು.
ಹಾಕಿಬಿಡಲೇ?

ಚಳಿಗಾಲ ಕಳೆಯಿತು.
ಎರಡನೆಯ ಪುಟದ ಅಂಚಿನಲ್ಲಿ
ಮುಳ್ಳು ನಾಟಿದ ಕಾಲೆತ್ತಿಕೊಂಡು
ಚಿರತೆ ಇನ್ನೂ ಹಸಿದೇ ಕೂತಿದೆ.